ಮಿನಿ ಸ್ಟೀರಿಯೊ: ಹೊಸ ಸೆಟ್ ಕೊಳ್ಳುವ ಮೊದಲು ಇರುವುದರ ಜಾಗ ಬದಲಿಸಿ

ಮೈಸೂರು, ಮಂಡ್ಯ ಕಡೆಯ ಮನೆಗಳಲ್ಲಿ ಮಿನಿ ಸ್ಟೀರಿಯೊ ಕೂರುವ ಜಾಗ ಬಹುಮಟ್ಟಿಗೆ ಒಂದೇ: ಹಾಲಿನ ಶೋಕೇಸ್. ಸೆಟ್ ನಡುವೆ, ಅದಕ್ಕೆ ಅಂಟಿಕೊಂಡ ಹಾಗೆ ಎಡಬಲಕ್ಕೆ ಒಂದೊಂದು ಸ್ಪೀಕರ್ ಬಾಕ್ಸ್, ಮೇಲಿನ ಖಾನೆಯಲ್ಲಿ ದಸರಾ ಗೊಂಬೆ, ಎಲ್ಲಕ್ಕೂ ಗಾಜಿನ ಬಾಗಿಲು. ನೋಡಲು ಚೆಂದ, ಆದರೆ ಕೇಳಲು ಇದಕ್ಕಿಂತ ಕೆಟ್ಟ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ಬಾಕ್ಸುಗಳು ಅಷ್ಟು ಹತ್ತಿರವಿದ್ದರೆ ಎಡ ಯಾವುದು ಬಲ ಯಾವುದು ಕಿವಿಗೆ ಗೊತ್ತಾಗುವುದಿಲ್ಲ. ಬಾಕ್ಸಿನ ಹಿಂದಿನ ತೂತಿನಿಂದ ಹೊರಡುವ ಬಾಸ್ ಮರದ ಗೂಡಿನಲ್ಲೇ ಸಿಕ್ಕಿಕೊಂಡು ಗುಂಯ್ ಅನ್ನುತ್ತದೆ. ಮೃದಂಗದ ಎಡಗೈ ಪೆಟ್ಟು ಡ್ರಮ್ಮು ಉರುಳಿಸಿದ ಹಾಗೆ ಕೇಳುತ್ತದೆ. ಆಗ ಸೆಟ್ಟನ್ನು ಬೈದು ಹೊಸದಕ್ಕೆ ಅಂಗಡಿಗೆ ಹೋಗುವವರೇ ಹೆಚ್ಚು.

ಮಿನಿ ಸೆಟ್ಟಿನ ಒಳಗಿನ ಆಂಪ್ಲಿಫೈಯರನ್ನು ನಾವು ಬದಲಿಸಲು ಆಗುವುದಿಲ್ಲ. ಬಾಕ್ಸುಗಳು ನಿಲ್ಲುವ ಜಾಗ, ಅವಕ್ಕೆ ಹೋಗುವ ವೈರು, ರೇಡಿಯೊದ ಆಂಟೆನಾ ಈ ಮೂರೂ ನಮ್ಮ ಕೈಯಲ್ಲೇ ಇವೆ. ನನ್ನ ಅನುಭವದಲ್ಲಿ ಸದ್ದು ಸುಧಾರಿಸುವುದು ಇವುಗಳಿಂದಲೇ. ಬಾಕ್ಸುಗಳು ಬೇರೆಬೇರೆಯಾಗಿ ಎತ್ತಿಡಲು ಬರುವ ಎಲ್ಲ ಸೆಟ್ಟಿಗೂ ಇಲ್ಲಿ ಹೇಳುವುದು ಅನ್ವಯಿಸುತ್ತದೆ.

ಮೊದಲು ಜಾಗ. ಸೆಟ್ ಶೋಕೇಸಿನಲ್ಲೇ ಇರಲಿ, ಬಾಕ್ಸುಗಳನ್ನು ಹೊರಗೆ ತೆಗೆಯಿರಿ. ಎರಡರ ನಡುವೆ 6 ಅಡಿ ಬಿಡಿ. ನೀವು ಕೂರುವ ಜಾಗ ಎರಡಕ್ಕೂ ಸಮದೂರದಲ್ಲಿ, ಆರೂವರೆಯಿಂದ 7 ಅಡಿ ಹಿಂದೆ ಇರಲಿ. ಬಾಕ್ಸಿನ ಮುಖ ನಿಮ್ಮ ಕಡೆಗೆ ಸ್ವಲ್ಪ ಒಳಗೆ ತಿರುಗಿರಲಿ. ಹಿಂದಿನ ಗೋಡೆಯಿಂದ 1 ಅಡಿ, ಪಕ್ಕದ ಗೋಡೆಯಿಂದ 2 ಅಡಿ ದೂರವಿರಲಿ. ಈ ಎರಡು ಅಳತೆ ಒಂದೇ ಆಗಬಾರದು: ಎರಡೂ ಗೋಡೆಗೆ ಸಮದೂರವಾದರೆ ಒಂದೇ ಸ್ವರ ಎರಡು ಕಡೆಯಿಂದ ಉಬ್ಬಿ ಬರುತ್ತದೆ. ಮೂಲೆಗೆ ತಳ್ಳಿದರಂತೂ ಎರಡು ಗೋಡೆ, ನೆಲ ಮೂರೂ ಸೇರಿ ಬಾಸನ್ನು ಹಿಗ್ಗಿಸುತ್ತವೆ. ಜಾಗವಿಲ್ಲದೆ ಗೋಡೆಗೇ ಒತ್ತಿ ಇಡಬೇಕಾದರೆ ಹಿಂದಿನ ತೂತಿಗೆ ಹಳೆಯ ಕಾಲುಚೀಲ ಸುರುಳಿ ಮಾಡಿ ತುರುಕಿ. ಬಾಸ್ ಸ್ವಲ್ಪ ತಗ್ಗುತ್ತದೆ, ಇರುವಷ್ಟು ಸ್ಪಷ್ಟವಾಗಿರುತ್ತದೆ.

ಎತ್ತರವನ್ನು ಬಹಳ ಜನ ಗಮನಿಸುವುದಿಲ್ಲ. ಬಾಕ್ಸಿನ ಮೇಲ್ಭಾಗದ ಚಿಕ್ಕ ಸ್ಪೀಕರಿಗೆ ಟ್ವೀಟರ್ ಅನ್ನುತ್ತಾರೆ, ಅದು ಕಿವಿಯ ಮಟ್ಟಕ್ಕೆ ಇರಬೇಕು. ದಿವಾನ್ ಅಥವಾ ಕುರ್ಚಿಯ ಮೇಲೆ ಕೂತರೆ ಕಿವಿ ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದಲ್ಲಿರುತ್ತದೆ, ಚಾಪೆ ಹಾಸಿ ಕೂತು ಕೇಳುವವರಿಗೆ ಎರಡೂವರೆ ಅಡಿ. ಗಟ್ಟಿ ಸ್ಟೂಲಿದ್ದರೆ ಸಾಕು. ಸ್ಟೂಲಿಗೂ ಬಾಕ್ಸಿಗೂ ನಡುವೆ ಹಳೇ ಹವಾಯಿ ಚಪ್ಪಲಿಯ ರಬ್ಬರಿನಲ್ಲಿ ಕತ್ತರಿಸಿದ 1 ಅಂಗುಲದ ನಾಲ್ಕು ತುಂಡುಗಳನ್ನು ಮೂಲೆಗೊಂದರಂತೆ ಇಡಿ. ಬಾಕ್ಸಿನ ನಡುಕ ಮರಕ್ಕೆ ಇಳಿಯುವುದಿಲ್ಲ.

ಇನ್ನು ಕೋಣೆ. ಹಾಲಿನ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಹಿಂದೆಯೇ ಕಿಣಿಕಿಣಿ ಅಂತ ಸಣ್ಣ ಬಾಲ ಕೇಳಿಸಿದರೆ ಎದುರುಬದುರು ಗೋಡೆಗಳ ನಡುವೆ ಅಥವಾ ಸೂರು ನೆಲಗಳ ನಡುವೆ ಸದ್ದು ಹೋಗಿಬರುತ್ತಿದೆ ಎಂದು ತಿಳಿಯಿರಿ. ಆರ್‌ಸಿಸಿ ಸೂರು, ವಿಟ್ರಿಫೈಡ್ ಟೈಲ್ಸ್ ಹಾಕಿದ ಕುವೆಂಪುನಗರದ ಹೊಸ ಮನೆಗಳಲ್ಲಿ ಇದು ಹೆಚ್ಚು. ಅಗ್ರಹಾರದ ಹಳೆಯ ಹೆಂಚಿನ ಮನೆಗಳಲ್ಲಿ ಸೂರು ಓರೆಯಾಗಿರುವುದರಿಂದ ಕಡಿಮೆ. ನಿಮಗೂ ಬಾಕ್ಸಿಗೂ ನಡುವಿನ ನೆಲಕ್ಕೆ ದಪ್ಪ ಜಮಖಾನ ಹಾಸಿ, ಎದುರು ಗೋಡೆಗೆ ಒಂದು ದಪ್ಪ ಪರದೆ ಅಥವಾ ತುಂಬಿದ ಪುಸ್ತಕದ ಕಪಾಟು ಬರಲಿ, ಮತ್ತೆ ಚಪ್ಪಾಳೆ ತಟ್ಟಿ ನೋಡಿ. ಬಾಲ ಚಿಕ್ಕದಾಗಿರುತ್ತದೆ. ಗಾಯಕರ ಸಾಹಿತ್ಯ ಸ್ಪಷ್ಟವಾಗುವುದು ಇಲ್ಲಿ, ಟ್ರೆಬಲ್ ಗುಂಡಿಯಲ್ಲಲ್ಲ.

10 ಅಡಿ ಉದ್ದ, 10 ಅಡಿ ಅಗಲದ ಚೌಕ ಕೋಣೆ ಮಾತ್ರ ಸ್ವಲ್ಪ ಕಷ್ಟ. 10 ಅಡಿಗೆ ಹೊಂದುವ ಸ್ವರ ಸುಮಾರು 56 ಹರ್ಟ್ಸ್. ಉದ್ದ ಅಗಲ ಎರಡೂ ಒಂದೇ ಆದಾಗ ಅದೇ ಸ್ವರ ಎರಡು ಪಟ್ಟು ಏಳುತ್ತದೆ. 10 ಅಡಿಗೆ 14 ಅಡಿಯ ಕೋಣೆಯಲ್ಲಿ ಒಂದು 56ಕ್ಕೆ, ಇನ್ನೊಂದು 40ಕ್ಕೆ ಹಂಚಿಹೋಗುತ್ತದೆ. ಚೌಕ ಕೋಣೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂರಬೇಡಿ, ಒಂದೆರಡು ಅಡಿ ಮುಂದೆ ಬನ್ನಿ. ಬಾಸ್ ಅತಿ ಹೆಚ್ಚಾಗಿ ಕೇಳುವುದು ಗೋಡೆಯ ಬುಡದಲ್ಲೇ.

ವೈರಿನ ವಿಷಯ. ಕಂಪನಿ ಕೊಡುವ ವೈರು ಕೂದಲಿನಷ್ಟು ತೆಳು, ಉದ್ದವೂ ಸಾಲದು. ಬಾಕ್ಸನ್ನು 5 ಮೀಟರ್ ದೂರ ಇಟ್ಟರೆ ಹೋಗಿಬರುವ ದಾರಿ 10 ಮೀಟರ್. 0.2 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಅಷ್ಟಕ್ಕೆ ಸುಮಾರು 0.9 ಓಮ್ ಅಡ್ಡಿ ಸೇರುತ್ತದೆ, 6 ಓಮಿನ ಸ್ಪೀಕರಿಗೆ ಇದು ಬಹಳ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ 1 ಚದರ ಮಿ.ಮೀ. ಎಳೆಗಳ ಜೋಡಿ ವೈರು ಕೇಳಿ. ಅದೇ ದೂರಕ್ಕೆ 0.2 ಓಮಿಗಿಂತ ಕಡಿಮೆ. ಒಂದೂವರೆ ಚದರದ್ದು ಇನ್ನೂ ಒಳ್ಳೆಯದೇ, ಆದರೆ ಮಿನಿ ಸೆಟ್ಟಿನ ಸ್ಪ್ರಿಂಗ್ ಕ್ಲಿಪ್ಪಿನೊಳಗೆ ತೂರುವುದು ಕಷ್ಟ. ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬಿಳುಪು ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಬೇಡ. ಎರಡೂ ಕಡೆಯ ವೈರು ಒಂದೇ ಉದ್ದವಿರಲಿ. ತುದಿಯಲ್ಲಿ 1 ಸೆಂ.ಮೀ. ಸುಲಿದು ಎಳೆಗಳನ್ನು ಬಿಗಿಯಾಗಿ ಹೊಸೆದು ಕ್ಲಿಪ್ಪಿಗೆ ಹಾಕಿ. ಒಂದೇ ಒಂದು ಎಳೆ ಹೊರಗೆ ಚಾಚಿ ಪಕ್ಕದ ಕ್ಲಿಪ್ಪಿಗೆ ತಾಗಿದರೂ ಶಾರ್ಟ್ ಆಗಿ ಸೆಟ್ ಪ್ರೊಟೆಕ್ಟ್‌ಗೆ ಹೋಗುತ್ತದೆ, ಅಂದರೆ ತನ್ನನ್ನು ಕಾಪಾಡಿಕೊಳ್ಳಲು ಸದ್ದು ನಿಲ್ಲಿಸುತ್ತದೆ, ಹಳೆಯ ಸೆಟ್ಟಾದರೆ ಆಂಪ್ಲಿಫೈಯರಿನ ಚಿಪ್ಪು, ಅಂದರೆ ಐಸಿಯೇ ಸುಟ್ಟುಹೋಗಬಹುದು.

ಕೆಂಪು ಕ್ಲಿಪ್ಪಿನಿಂದ ಕೆಂಪಿಗೆ, ಕಪ್ಪಿನಿಂದ ಕಪ್ಪಿಗೆ. ಒಂದು ಬಾಕ್ಸಿಗೆ ತಿರುವುಮುರುವಾದರೆ ಸದ್ದು ಬರುತ್ತದೆ, ಬಾಸ್ ಮಾತ್ರ ಮಾಯ. ಒಂದು ಕೋನ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತಿರುತ್ತದೆ. ಗುರುತು ಅಳಿಸಿಹೋದ ಬಾಕ್ಸುಗಳಿಗೆ ಒಂದು ಪೆನ್ಸಿಲ್ ಸೆಲ್ ಸಾಕು. ಮೊದಲು ವೈರನ್ನು ಸೆಟ್ಟಿನಿಂದ ಬಿಡಿಸಿ. ಒಂದು ಎಳೆಯನ್ನು ಸೆಲ್ಲಿನ ಪ್ಲಸ್‌ಗೆ, ಇನ್ನೊಂದನ್ನು ಮೈನಸ್‌ಗೆ ಒಂದು ಕ್ಷಣ ಮಾತ್ರ ತಾಗಿಸಿ. ಜಾಲರಿ ತೆಗೆದು ನೋಡಿದರೆ ದೊಡ್ಡ ಸ್ಪೀಕರಿನ ಕೋನ್ ಟಪ್ ಅಂತ ಮುಂದೆ ಅಥವಾ ಹಿಂದೆ ಸರಿಯುವುದು ಕಾಣುತ್ತದೆ. ಮುಂದೆ ಬಂದಾಗ ಪ್ಲಸ್‌ಗೆ ತಾಗಿದ್ದ ಎಳೆಯೇ ಕೆಂಪು. ಆಮೇಲೆ ಹಳೆಯ ಮೋನೊ ರೆಕಾರ್ಡಿಂಗ್ ಒಂದನ್ನು ಹಾಕಿ. ಹಾಡುಗಾರರ ದನಿ ಎರಡು ಬಾಕ್ಸುಗಳ ಸರಿಯಾಗಿ ನಡುವೆ, ಖಾಲಿ ಜಾಗದಿಂದ ಬಂದ ಹಾಗಿರಬೇಕು. ಎಲ್ಲೋ ತೇಲಿದ ಹಾಗಿದ್ದರೆ ಒಂದು ವೈರು ಉಲ್ಟಾ ಆಗಿದೆ.

ಅಡುಗೆಮನೆಗೂ ಇರಲಿ ಅಂತ ಇನ್ನೊಂದು ಜೊತೆ ಬಾಕ್ಸನ್ನು ಅದೇ ಕ್ಲಿಪ್ಪಿಗೆ ಸೇರಿಸುವವರಿದ್ದಾರೆ. 6 ಓಮಿನ ಎರಡು ಪಕ್ಕಪಕ್ಕ ಸೇರಿದರೆ 3 ಓಮ್ ಆಗುತ್ತದೆ. ಆಂಪ್ಲಿಫೈಯರ್ ಕಾದು ಕೆಡುವುದು ಇದರಿಂದಲೇ. ಬೇಕೇ ಬೇಕಾದರೆ ಒಂದರ ಹಿಂದೆ ಒಂದು ಸರಣಿಯಲ್ಲಿ ಸೇರಿಸಿ, 12 ಓಮ್ ಆಗುತ್ತದೆ. ಸದ್ದು ಸಣ್ಣದು, ಸೆಟ್ಟಿಗೆ ಅಪಾಯವಿಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾದ ಸಾವಿರಾರು ವ್ಯಾಟ್ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂದು ಕಂಪನಿ ಹೇಳುವ ಲೆಕ್ಕ) ನೋಡಿ ಧೈರ್ಯ ಮಾಡಬೇಡಿ. ಸೆಟ್ಟಿನ ಬೆನ್ನಿನ ಚೀಟಿಯಲ್ಲಿ ಕರೆಂಟಿನ ಬಳಕೆ 50 ವ್ಯಾಟ್ ಎಂದಿದ್ದರೆ ಅದು ಒಂದೇ ಸಮನೆ ಕೊಡುವುದು ಅದಕ್ಕಿಂತ ಕಡಿಮೆಯೇ.

ರೇಡಿಯೊಗೆ ಬರೋಣ. 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದ ಊರು ನಮ್ಮ ಮೈಸೂರು. ಇಲ್ಲಿ ಕುಳಿತು ಆಕಾಶವಾಣಿಯನ್ನು ಗೊರಗೊರದೊಂದಿಗೆ ಕೇಳಬೇಕಾಗಿಲ್ಲ. ಮೈಸೂರು ಆಕಾಶವಾಣಿ ಎಫ್‌ಎಂ 100.6 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಸೆಟ್ಟಿನ ಹಿಂದೆ ಇಳಿಬಿದ್ದ ಆಂಟೆನಾ ವೈರನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟರೆ ಅದು ಆಂಟೆನಾ ಆಗಿ ಕೆಲಸ ಮಾಡುವುದಿಲ್ಲ. ಪೂರ್ತಿ ಬಿಚ್ಚಿ ಗೋಡೆಗೆ ಟೇಪಿನಿಂದ ಅಂಟಿಸಿ, ಅಡ್ಡ ಒಮ್ಮೆ, ನೆಟ್ಟಗೆ ಒಮ್ಮೆ ಹಿಡಿದು ಯಾವುದರಲ್ಲಿ ಸ್ಟೀರಿಯೊ ದೀಪ ಗಟ್ಟಿಯಾಗಿ ಉರಿಯುತ್ತದೋ ಹಾಗೇ ಬಿಡಿ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರುಗಳಿಂದ ದೂರವಿರಲಿ, ಅಗ್ಗದ ಚಾರ್ಜರುಗಳು ಎಫ್‌ಎಂನಲ್ಲಿ ಕೊರೆಯುವ ಸದ್ದು ಹುಟ್ಟಿಸುತ್ತವೆ.

ಮಂಡ್ಯದ ಕೆಳಮಹಡಿಯ ಮನೆಗಳಲ್ಲಿ ಇಷ್ಟು ಸಾಲದಿರಬಹುದು. ಅಲ್ಲಿಗೆ ನಾನು ಮಾಡುವುದು ಇದು: ಕೇಬಲ್ ಟಿವಿಯ ದಪ್ಪ ವೈರು ಬೇಕಾದಷ್ಟು ಉದ್ದ, 70 ಸೆಂ.ಮೀ. ಉದ್ದದ ಎರಡು ತಾಮ್ರದ ವೈರು, ಒಂದು ಒಣ ಬಿದಿರ ಗಳ. ಎರಡು ತುಂಡುಗಳನ್ನು ಗಳದ ಮೇಲೆ ಒಂದೇ ಸಾಲಿನಲ್ಲಿ, ನಡುವೆ 1 ಅಂಗುಲ ಬಿಟ್ಟು ಕಟ್ಟಿ. ಕೇಬಲ್ಲಿನ ನಡುತಂತಿ ಒಂದಕ್ಕೆ, ಹೊರಜಾಲರಿ ಇನ್ನೊಂದಕ್ಕೆ ಬೆಸುಗೆಯಾಗಲಿ. ಇನ್ನೊಂದು ತುದಿ ಸೆಟ್ಟಿನ 75 ಓಮ್ ಸಾಕೆಟ್ಟಿಗೆ. ಮಂಡ್ಯದಿಂದ ಮೈಸೂರು ನೈಋತ್ಯಕ್ಕಿದೆ. ಈ ಆಂಟೆನಾ ತನ್ನ ತುದಿಗಳ ದಿಕ್ಕಿನಿಂದ ಏನನ್ನೂ ಹಿಡಿಯುವುದಿಲ್ಲ, ಪಕ್ಕಗಳಿಂದ ಹಿಡಿಯುತ್ತದೆ. ಹಾಗಾಗಿ ಗಳವನ್ನು ವಾಯವ್ಯದಿಂದ ಆಗ್ನೇಯಕ್ಕೆ ಅಡ್ಡಲಾಗಿ, ತಾರಸಿಯಲ್ಲಿ ಆಳೆತ್ತರಕ್ಕೆ ಕಟ್ಟಬೇಕು. ಪ್ರಸಾರ ಗೋಪುರಕ್ಕೆ ತೀರ ಹತ್ತಿರದ ಮನೆಗಳಲ್ಲಿ ಇದಕ್ಕೆ ವಿರುದ್ಧದ ತೊಂದರೆ: ಒಂದೇ ಕೇಂದ್ರ ಡಯಲಿನ ಎರಡು ಮೂರು ಕಡೆ ಇಣುಕುತ್ತದೆ. ಅಲ್ಲಿ ವೈರನ್ನು ಗಿಡ್ಡ ಮಾಡಿದರೆ ಸರಿ.

ಅಮೆರಿಕದಿಂದ ಮಕ್ಕಳು ತಂದುಕೊಟ್ಟ ಸೆಟ್ಟಿದ್ದರೆ ಎರಡು ಸಂಗತಿ. ಅದು 120 ವೋಲ್ಟಿನದಾಗಿದ್ದು, ಬೆನ್ನಿನಲ್ಲಿ 230ರ ಸ್ವಿಚ್ಚಿಲ್ಲದಿದ್ದರೆ ನೇರ ಪ್ಲಗ್ ಹಾಕಿದ ಕ್ಷಣವೇ ಕೆಡುತ್ತದೆ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅಲ್ಲಿನ ಎಫ್‌ಎಂ 0.2 ಮೆಗಾಹರ್ಟ್ಸ್ ಹೆಜ್ಜೆಯಲ್ಲಿ ಹೋಗುವುದರಿಂದ 100.5, 100.7 ಸಿಗುತ್ತದೆ, 100.6 ಸಿಗುವುದಿಲ್ಲ. ಕೆಲವು ಸೆಟ್ಟುಗಳಲ್ಲಿ ಹೆಜ್ಜೆ ಬದಲಿಸುವ ಅವಕಾಶ ಇರುತ್ತದೆ, ಪುಸ್ತಿಕೆಯಲ್ಲಿ ನೋಡಿ.

ಟಿವಿಯ ಸದ್ದನ್ನು ಸೆಟ್ಟಿಗೆ ತರುವಾಗ ಎಡವುವುದು ಒಂದೇ ಕಡೆ. ಹಲವು ಹೊಸ ಟಿವಿಗಳಲ್ಲಿ ಸದ್ದು ಹೊರಬರಲು ಆಪ್ಟಿಕಲ್ (ಬೆಳಕಿನ ತಂತಿಯ ಡಿಜಿಟಲ್ ಕಿಂಡಿ) ಇರುತ್ತದೆ, ಮಿನಿ ಸೆಟ್ಟಿನಲ್ಲಿ ಆಕ್ಸ್ (ಸಾಮಾನ್ಯ ವೈರಿನ ಅನಲಾಗ್ ಕಿಂಡಿ) ಮಾತ್ರ. ನಡುವೆ ಡಿಜಿಟಲ್‌ನಿಂದ ಅನಲಾಗ್‌ಗೆ ಬದಲಿಸುವ ಪುಟ್ಟ ಡಬ್ಬಿ ಬೇಕು. ಅದನ್ನು ಹಾಕಿದ ಮೇಲೂ ಸದ್ದೇ ಬರದಿದ್ದರೆ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಡಾಲ್ಬಿ ಇರುತ್ತದೆ, ಪಿಸಿಎಂ ಮಾಡಿ. ಬ್ಲೂಟೂತಿನಲ್ಲಿ ಟಿವಿ ಕೇಳಬೇಡಿ, ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಮೊಬೈಲನ್ನು ಆಕ್ಸ್‌ಗೆ ಹಾಕಿದಾಗ ಅದರ ವಾಲ್ಯೂಮ್ ಮುಕ್ಕಾಲಿಗೂ ಸ್ವಲ್ಪ ಮೇಲೆ ಇಟ್ಟು, ಹೆಚ್ಚುಕಡಿಮೆಯನ್ನು ಸೆಟ್ಟಿನಲ್ಲೇ ಮಾಡಿ. ಗ್ರಾಮಫೋನ್ ಪ್ಲೇಯರನ್ನು ಆಕ್ಸ್‌ಗೆ ನೇರ ಹಾಕಿದರೆ ಸೊಳ್ಳೆಯ ದನಿಯಷ್ಟೇ ಬರುವುದು, ಅದಕ್ಕೆ ಆ ಸಣ್ಣ ಸದ್ದನ್ನು ಹಿಗ್ಗಿಸುವ ಫೋನೊ ಪ್ರೀಆಂಪ್ ಬೇಕು.

ಪೆನ್‌ಡ್ರೈವ್ 32 ಜಿಬಿ ಒಳಗಿನದು, ಫ್ಯಾಟ್32 ಫಾರ್ಮ್ಯಾಟ್ ಮಾಡಿದ್ದು ಇರಲಿ. ಹಾಡುಗಳು ಹೆಸರಿನ ಕ್ರಮದಲ್ಲಿ ಬರುತ್ತಿಲ್ಲ ಎಂಬ ದೂರು ಸಾಮಾನ್ಯ: ಬಹಳ ಸೆಟ್ಟುಗಳು ನೀವು ಕಾಪಿ ಮಾಡಿದ ಕ್ರಮದಲ್ಲೇ ಓದುತ್ತವೆ. ಡ್ರೈವ್ ಖಾಲಿ ಮಾಡಿ ಒಂದೊಂದನ್ನೇ ಬೇಕಾದ ಸಾಲಿನಲ್ಲಿ ಹಾಕಿ. ಕನ್ನಡ ಲಿಪಿಯ ಹೆಸರು ಡಿಸ್‌ಪ್ಲೇನಲ್ಲಿ ಡಬ್ಬಿಗಳಾಗಿ ಕಾಣುತ್ತದೆ.

ಇಷ್ಟೆಲ್ಲ ಆದ ಮೇಲೆ ಗುಂಡಿಗಳು. ರಾಕ್, ಪಾಪ್, ಜಾಝ್ ಎಲ್ಲ ಬಿಟ್ಟು ಫ್ಲ್ಯಾಟ್‌ನಿಂದ ಶುರುಮಾಡಿ. ಪರೀಕ್ಷೆಗೆ ನಾನು ಹಾಕುವುದು ಮೈಸೂರು ಬಾನಿಯ ವೀಣೆ. ಮೀಟಿದ ಪೆಟ್ಟು ಪ್ಲಾಸ್ಟಿಕ್ ಚೂರಿನ ಹಾಗೆ ಟಿಕ್ ಅಂದರೆ ಟ್ರೆಬಲ್ ಹೆಚ್ಚು. ಮಂದ್ರದ ತಂತಿಯಲ್ಲಿ ಗಮಕ ಎಳೆದಾಗ ಒಂದು ಸ್ವರ ಮಾತ್ರ ಉಬ್ಬಿ ಉಳಿದವು ಸೊರಗಿದರೆ ಬಾಕ್ಸ್ ಮೂಲೆಗೆ ಹತ್ತಿರವಾಗಿದೆ, ಅರ್ಧ ಅಡಿ ಈಚೆ ಎಳೆಯಿರಿ. ಮೈಸೂರು ಒಂಟಿಕೊಪ್ಪಲಿನ ಎಂಟನೇ ಕ್ರಾಸ್ ಗಣಪತಿ ಪೆಂಡಾಲಿನ ಸಂಗೀತ ಕಚೇರಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಕೇಳಿದವರಿಗೆ ವಾದ್ಯದ ನಿಜವಾದ ನಾದ ಗೊತ್ತಿರುತ್ತದೆ. ಆ ನೆನಪನ್ನೇ ಅಳತೆಗೋಲು ಮಾಡಿಕೊಳ್ಳಿ. ಬಾಸ್ ಬೂಸ್ಟ್ ಗುಂಡಿಗೆ ಕೆಲಸವಿರುವುದು ರಾತ್ರಿ ಮೆಲ್ಲಗೆ ಕೇಳುವಾಗ, ಕಡಿಮೆ ಸದ್ದಿನಲ್ಲಿ ನಮ್ಮ ಕಿವಿಗೆ ಬಾಸ್ ಕೇಳುವುದೇ ಕಡಿಮೆ. ವಾಲ್ಯೂಮ್ ಏರಿಸಿದ ಕೂಡಲೇ ಅದನ್ನು ಆರಿಸಿ. ಶೋಕೇಸಿನಲ್ಲಿ ಏನಾದರೂ ಟರ್ ಅಂದರೆ ಮೃದಂಗ ಓಡುತ್ತಿರುವಾಗಲೇ ಗಾಜು, ಹಿತ್ತಾಳೆ ಗೊಂಬೆ, ತಟ್ಟೆ ಒಂದೊಂದನ್ನೂ ಅಂಗೈಯಿಂದ ಒತ್ತಿ ಹುಡುಕಿ.

ಎಷ್ಟೋ ಮನೆಗಳಲ್ಲಿ ಇನ್ನೂ ಕ್ಯಾಸೆಟ್ ಇವೆ. ಸಂಗೀತ, ಹರಿಕಥೆ, ಮದುವೆಯ ನಾಗಸ್ವರ, ಬೇರೆಲ್ಲೂ ಸಿಗದವು. ಹಾಕುವ ಮುನ್ನ ಅಂಚನ್ನು ಬೆಳಕಿಗೆ ಹಿಡಿಯಿರಿ. ಬಿಳಿ ಬೂಷ್ಟು ಕಂಡರೆ ಆ ಕ್ಯಾಸೆಟ್ ಹಾಕಬೇಡಿ, ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಸರಿಯಿದ್ದರೆ ಒಮ್ಮೆ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿಸಿ ಆಮೇಲೆ ಕೇಳಿ. ಹೆಡ್, ಅದರ ಪಕ್ಕದ ಉಕ್ಕಿನ ಕಡ್ಡಿ, ರಬ್ಬರ್ ಗಾಲಿ ಮೂರನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಕಂದುಬಣ್ಣ ಬರುವುದು ನಿಲ್ಲುವವರೆಗೆ ಒರೆಸಿ, 5 ನಿಮಿಷ ಒಣಗಲು ಬಿಡಿ. ದನಿ ಮಂಕಾಗಿ ಒಂದು ಕಡೆಯ ಸದ್ದು ಹೋಗಿದ್ದರೆ ಬಹುಪಾಲು ಹೆಡ್ಡಿನ ಕೊಳೆ. ದನಿ ಅಲೆಅಲೆಯಾಗಿ ಬಂದರೆ ಬೆಲ್ಟ್ ಸಡಿಲ. ಎಲ್ಲ ಕ್ಯಾಸೆಟ್ ಸರಿಯಿದ್ದು ಒಂದು ಮಾತ್ರ ಮಂಕಾದರೆ ಅದರ ತಗಡಿನ ಮೇಲಿನ ಫೆಲ್ಟ್ ತುಂಡು ಉದುರಿರುತ್ತದೆ. ಸಿಡಿಯಲ್ಲಿ ಅಂಗಡಿಯದು ಓಡಿ ಮನೆಯಲ್ಲಿ ಬರೆದದ್ದು ಓಡದಿದ್ದರೆ ಲೆನ್ಸ್ ಒರೆಸಿ ನೋಡಿ, ಬರೆದ ಸಿಡಿ ಕಡಿಮೆ ಬೆಳಕನ್ನು ಹಿಂದಿರುಗಿಸುತ್ತದೆ.

ಸೆಟ್ ಒಂದೇ ಸಮನೆ ಗುಂಯ್ ಅನ್ನುತ್ತಿದ್ದು, ಕೇಬಲ್ ಟಿವಿಯ ವೈರನ್ನು ಸೆಟ್‌ಟಾಪ್ ಬಾಕ್ಸಿನಿಂದ ಬಿಡಿಸಿದ ಕೂಡಲೇ ನಿಂತರೆ, ಅದು ಅರ್ತ್ ಎರಡು ದಾರಿಯಲ್ಲಿ ಸೇರಿದ್ದರಿಂದ ಬಂದ ಸದ್ದು. ಆಕ್ಸ್ ವೈರಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಹಾಕಿ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದಾಗ ನಿಂತರೂ ಮದ್ದು ಇದೇ. ಕರೆಂಟು ಹೋಗಿ ಇನ್ವರ್ಟರಿಗೆ ಬದಲಾದಾಗ ಮಾತ್ರ ಗುಂಯ್‌ಗುಟ್ಟಿದರೆ ಅದು ಕರೆಂಟನ್ನು ನಯವಾದ ಅಲೆಯಾಗಿ ಕೊಡದ ಸ್ಕ್ವೇರ್ ವೇವ್ ಇನ್ವರ್ಟರ್, ಸೆಟ್ಟಿನಲ್ಲಿ ದೋಷವಿಲ್ಲ. ಅಶ್ವಿನಿ, ಭರಣಿ ಮಳೆಯ ಹೊತ್ತಿಗೆ ಚಾಮುಂಡಿಬೆಟ್ಟದ ಮೇಲೆ ಮೋಡ ಕಟ್ಟಿ ಮೊದಲ ಗುಡುಗು ಕೇಳಿದೊಡನೆ ಪ್ಲಗ್ ಕಿತ್ತುಬಿಡಿ, ತಾರಸಿಯ ಆಂಟೆನಾ ವೈರನ್ನೂ ಸಾಕೆಟ್ಟಿನಿಂದ ಬಿಡಿಸಿ. ಸ್ವಿಚ್ ಆರಿಸಿದರೆ ಸಾಲದು. ಕರೆಂಟು ಬಂದ ಮೇಲೆ ಎರಡು ಮೂರು ನಿಮಿಷ ಬಿಟ್ಟು ಮತ್ತೆ ಹಾಕಿ, ಮೊದಲ ಏರಿಳಿತ ಕಳೆದಿರುತ್ತದೆ.