ಹುಡುಗರ ಕಥೆಗೆ ನಾನು ಮುನ್ನುಡಿ ಬರೆಯುವುದಿಲ್ಲ

"ಈ ಹುಡುಗರು ಕೂತು ಬರೆಯುವವರಲ್ಲ, ಸುಮ್ಮನೆ ದುಡ್ಡು ದಂಡ" ಎಂದವರಲ್ಲಿ ಶಾಲೆಯವರಿದ್ದರು, ಗ್ರಾಂಟ್ ಕೊಡುವವರಿದ್ದರು, ನಮ್ಮ ಕನ್ನಡ ಕೂಟದ ಗೆಳೆಯರೂ ಇದ್ದರು. ಶಿಕಾಗೋದ ಸೌತ್ ಸೈಡ್‌ನಲ್ಲಿ, ಬ್ರಾನ್ಜ್‌ವಿಲ್ ಕಡೆಯ ಒಂದು ಚರ್ಚಿನ ನೆಲಮಾಳಿಗೆಯಲ್ಲಿ, ಹದಿನಾಲ್ಕರಿಂದ ಹದಿನೆಂಟರ ಆಫ್ರಿಕನ್-ಅಮೆರಿಕನ್ ಹುಡುಗರಿಗೆ ಶನಿವಾರದ ಕಥಾ ಕಮ್ಮಟ ನಡೆಸುತ್ತ ಆರೇಳು ವರ್ಷವಾಯಿತು. ನಾಲ್ಕು ಪುಸ್ತಕ ಬಂದಿವೆ, ನಲವತ್ತರ ಆಸುಪಾಸು ಹುಡುಗರು ಬರೆದಿದ್ದಾರೆ. ಕಮ್ಮಟ ನಡೆಸಿ ಗೊತ್ತಿದ್ದವರಿಗೆ ಇದು ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಅನುಮಾನಪಟ್ಟವರಿಗೆ ಆ ಊರಿನ ಚರಿತ್ರೆಯೇ ಗೊತ್ತಿರಲಿಲ್ಲ. ಅಮೆರಿಕದ ದೊಡ್ಡ ಪ್ರಶಸ್ತಿಯಾದ ಪುಲಿಟ್ಜರ್ ಪಡೆದ ಮೊದಲ ಆಫ್ರಿಕನ್-ಅಮೆರಿಕನ್, ಕವಯಿತ್ರಿ ಗ್ವೆಂಡೊಲಿನ್ ಬ್ರೂಕ್ಸ್ ಇದೇ ಸೌತ್ ಸೈಡ್‌ನವರು. ಪ್ರಶಸ್ತಿ ಬಂದದ್ದು 1950ರಲ್ಲಿ. 1960ರ ದಶಕದ ಕೊನೆಯಲ್ಲಿ ಬ್ಲ್ಯಾಕ್‌ಸ್ಟೋನ್ ರೇಂಜರ್ಸ್ ಗ್ಯಾಂಗಿನ ಹುಡುಗರನ್ನು ಕೂರಿಸಿಕೊಂಡು ಅವರು ಕಾವ್ಯ ಕಮ್ಮಟ ನಡೆಸಿದ್ದರು. ಆ ಹುಡುಗರು ಅಂದೇ ಕೂತು ಬರೆದಿದ್ದರು.

ಕೈಗೂಡದ ದಾರಿಗಳು ಬೇಕಾದಷ್ಟಿದ್ದವು. "ನಿನ್ನ ಬದುಕಿನ ಕಷ್ಟದ ದಿನ" ಎಂಬ ವಿಷಯ ಕೊಟ್ಟರೆ ಎರಡು ಸಾಲು ಬರೆದು ಪೆನ್ನು ಕೆಳಗಿಡುತ್ತಿದ್ದರು. ಆ ಪ್ರಶ್ನೆಯನ್ನು ಕೌನ್ಸೆಲರ್, ಕೋರ್ಟಿನವರು, ಕಾಲೇಜಿನ ಅರ್ಜಿ ಎಲ್ಲರೂ ಅವರಿಗೆ ಕೇಳಿ ಆಗಿದೆ. ಗುಂಡೇಟು, ಜೈಲು, ಮನೆಯಲ್ಲಿರದ ಅಪ್ಪ: ದೊಡ್ಡವರು ಏನು ಕೇಳಲು ಬಂದಿದ್ದಾರೆಂದು ಹುಡುಗನಿಗೆ ಮೊದಲೇ ಗೊತ್ತು, ಅದನ್ನೇ ಒಪ್ಪಿಸಿ ಕೈತೊಳೆದುಕೊಳ್ಳುತ್ತಾನೆ. ಚಂದದ ದಪ್ಪ ರಟ್ಟಿನ ಡೈರಿಗಳನ್ನೂ ಹಂಚಿದೆವು. ಮುನ್ನೂರು ಡಾಲರ್ ಹೋಯಿತು, ಹಾಳೆಗಳು ಖಾಲಿಯಾಗಿಯೇ ಉಳಿದವು. ಮನೆಯಲ್ಲಿ ತಮ್ಮನೋ ಅತ್ತೆಯ ಮಗನೋ ಓದಿಬಿಡುವ ಭಯ ಅವರಿಗೆ. ಈಗ ಒಂದು ಡಾಲರ್‌ನ ನೋಟ್‌ಬುಕ್ ಸಾಕು. ಅವೆಲ್ಲ ಚರ್ಚಿನ ಬೀರುವಿನಲ್ಲೇ ಇರುತ್ತವೆ, ಬೀಗದ ಕೈ ಒಬ್ಬ ಹುಡುಗನ ಹತ್ತಿರ ಇರುತ್ತದೆ.

ಕೊನೆಗೆ ಫಲ ಕೊಟ್ಟದ್ದು ಮಾತು. ಈ ಕೋಣೆಯಲ್ಲಿ ನಿನ್ನಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರದ ಒಂದು ಸಂಗತಿಯನ್ನು ಫೋನಿಗೆ ಹೇಳು, ನಾಲ್ಕೈದು ನಿಮಿಷ ಸಾಕು ಎನ್ನುತ್ತೇನೆ. ಬಿಳಿ ಶೂ ಬಿಳಿಯಾಗಿಯೇ ಉಳಿಯಲು ಏನು ಮಾಡಬೇಕೆಂದು ಒಬ್ಬ ಹೇಳಿದ. ಇನ್ನೊಬ್ಬ ಕಿಂಗ್ ಡ್ರೈವ್‌ನ 3ನೇ ನಂಬರ್ ಬಸ್ಸಿನಲ್ಲಿ ರಾತ್ರಿ ಯಾವ ಸೀಟಿನಲ್ಲಿ ಕೂರಬೇಕು, ಯಾಕೆ ಎಂದು ಹೇಳಿದ. ಆಮೇಲೆ ಅವನೇ ತನ್ನ ದನಿಯನ್ನು ಕೇಳಿ ಕೇಳಿ ಬರೆದುಕೊಳ್ಳಬೇಕು. ನಾಲ್ಕು ನಿಮಿಷದ ಮಾತಿಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಆ ನಿಧಾನದಲ್ಲೇ ಕಥೆ ಬರುವುದು: ಒಂದು ವಾಕ್ಯ ಬರೆದು ಮುಂದಿನದಕ್ಕೆ ಹೋಗುವಷ್ಟರಲ್ಲಿ ಹೇಳದೆ ಬಿಟ್ಟದ್ದು ನೆನಪಾಗುತ್ತದೆ. ಶೂ ತೊಳೆಯುವ ಕಥೆಯೊಳಗೆ ಆ ಶೂ ಕೊಡಿಸಿದ ಅಣ್ಣ ಬಂದದ್ದು ಹಾಗೆ. ಸಾಫ್ಟ್‌ವೇರಿನಿಂದ ಬರೆಸಿಯೂ ನೋಡಿದೆ. ಅವರ ಮಾತಿನ ಲಯವೆಲ್ಲ ಸತ್ತಿತ್ತು. ಹುಡುಗ ಅದನ್ನು ಓದಿ "ಇದು ನಾನಲ್ಲ, ಮಿಸ್ಟರ್ ಕೆ" ಎಂದು ವಾಪಸು ಕೊಟ್ಟ.

ಬರೆದು ಮುಗಿದ ಮೇಲೆ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಆಗ ಕೋಣೆಯಲ್ಲಿ ಯಾವ ವಾಸನೆ ಇತ್ತು? ಅಲ್ಲಿದ್ದೂ ಮಾತಾಡದೆ ಇದ್ದವರು ಯಾರು? ಮೂರನೆಯದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಕೋಣೆಗೆ ಬಂದು ಕೂತವರಿಗೆ ಸಿಗುತ್ತದೆ. ಅರ್ಧ ಪುಟ ಮೂರು ಪುಟವಾಗುವುದು ಅದರಿಂದಲೇ.

ಹುಡುಗರ ಮನೆಮಾತನ್ನು, ಎಂದರೆ ಅವರು ಮನೆಯಲ್ಲಿ ಆಡುವ ಆಫ್ರಿಕನ್-ಅಮೆರಿಕನ್ ಇಂಗ್ಲಿಷನ್ನು, ತಿದ್ದುವುದಿಲ್ಲ. ಸಹಾಯಕ್ಕೆ ಬಂದಿದ್ದ ಒಬ್ಬರು ಕೆಂಪು ಪೆನ್ನು ಹಿಡಿದ ಮರುವಾರವೇ ಇಬ್ಬರು ಹುಡುಗರು ಬರುವುದು ಬಿಟ್ಟರು. ಮಕ್ಕಳ ಮನೆಮಾತನ್ನು ಶಾಲೆ ಗಣನೆಗೆ ತೆಗೆದುಕೊಳ್ಳಲೇಬೇಕೆಂದು ಮಿಶಿಗನ್‌ನ ಆನ್ ಆರ್ಬರ್ ಮೊಕದ್ದಮೆಯಲ್ಲಿ ಫೆಡರಲ್ ನ್ಯಾಯಾಲಯ 1979ರಲ್ಲೇ ಹೇಳಿದೆ. ಕಾಗುಣಿತ ಮಾತ್ರ ಅಚ್ಚಿಗೆ ಹೋಗುವ ಮುಂಚೆ ಹುಡುಗನೇ ನೋಡಿಕೊಳ್ಳುತ್ತಾನೆ.

ಪುಸ್ತಕಕ್ಕೆ ಯಾವ ದೊಡ್ಡವರ ಮುನ್ನುಡಿಯೂ ಇರುವುದಿಲ್ಲ, ನನ್ನದೂ ಇಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ತಮ್ಮ ಆತ್ಮಕಥೆ ತಂದಾಗ "ಸ್ವತಃ ಬರೆದದ್ದು" ಎಂದು ಶೀರ್ಷಿಕೆಯಲ್ಲೇ ಹಾಕಬೇಕಾಯಿತು. ಅದರ ಮೊದಲಿಗೆ ಇಬ್ಬರು ಬಿಳಿಯರ ಸಾಕ್ಷಿ ಮಾತೂ ಇತ್ತು. ಅದಕ್ಕೂ ನೂರು ವರ್ಷ ಹಿಂದೆ, 1740ರಲ್ಲಿ, ಗುಲಾಮರಿಗೆ ಬರೆಯಲು ಕಲಿಸಿದವರಿಗೆ ಸೌತ್ ಕೆರೊಲಿನಾದ ಕಾನೂನು 100 ಪೌಂಡ್ ದಂಡ ಹಾಕಿತ್ತು. ಇಷ್ಟನ್ನು ಹುಡುಗರಿಗೆ ಹೇಳಿದೆ. ನಿಮ್ಮ ಪರವಾಗಿ ಸಾಕ್ಷಿ ಹೇಳಲು ಯಾರು ಬೇಕು ಎಂದು ಕೇಳಿದೆ. ಯಾರೂ ಬೇಡ ಎಂದರು.

ಇನ್ನು ದುಡ್ಡು. ಮೊದಲ ಗ್ರಾಂಟ್ ಎರಡು ಸಾವಿರ ಚಿಲ್ಲರೆ ಡಾಲರ್. ಮುಂದಿನದಕ್ಕೆ, ಕಮ್ಮಟದಿಂದ ಹುಡುಗನ ಬದುಕು ಬದಲಾದ ಕಥೆಯನ್ನು ಅವನ ಫೋಟೋ ಸಮೇತ ಕೊಡಿ ಎಂದು ಒಂದು ಸಂಸ್ಥೆ ಷರತ್ತು ಹಾಕಿತು. ಆ ಹಣವನ್ನೇ ಬಿಟ್ಟೆವು. ಹಾಜರಾದ ಶನಿವಾರಕ್ಕೆ ತಲಾ 20 ಡಾಲರ್ ಕೊಡುತ್ತೇವೆ, ಅದಕ್ಕೆ ಆಕ್ಷೇಪಣೆ ಬಹಳ ಬಂತು. ಬೇಸಿಗೆಯಲ್ಲಿ ಕೆಲಸ ಸಿಕ್ಕ ಕೂಡಲೇ ಹುಡುಗರು ಕಾಣೆಯಾಗುತ್ತಾರೆ, ಶನಿವಾರದ ಪಾಳಿ ಬಿಟ್ಟು ಬಾ ಎನ್ನಲು ನಮಗೇನು ಹಕ್ಕಿದೆ? ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಒಂದೇ ಕೊಂಡರೆ 125 ಡಾಲರ್, ಹತ್ತರ ಕಟ್ಟು 295, ಕಟ್ಟನ್ನೇ ಕೊಳ್ಳಿ. ಹಕ್ಕು ಪ್ರತಿ ಕಥೆಗೂ ಅದನ್ನು ಬರೆದವನದೇ. ಇನ್ನೂರು ಪ್ರತಿಗೆ ಏಳೆಂಟು ನೂರು ಡಾಲರ್ ಅಚ್ಚಿನ ಖರ್ಚು. ಪುಸ್ತಕದ ಅಂಗಡಿಗಿಂತ ಬಾರ್ಬರ್‌ಶಾಪ್‌ಗಳಲ್ಲಿ ಹೆಚ್ಚು ಮಾರಾಟವಾಯಿತು, ಕುರ್ಚಿಗೆ ಕಾಯುವವರು ಓದುತ್ತಾರೆ, ಓದಿದವರು ಕೊಳ್ಳುತ್ತಾರೆ. ಎರಡನೆಯ ಪುಸ್ತಕ ಮೂರು ತಿಂಗಳೊಳಗೆ ಮುಗಿಯಿತು.

ಅಡ್ಡದಾರಿಯ ಪ್ರಯೋಗವೊಂದನ್ನು ಹೇಳಬೇಕು. ಅಜ್ಜಿಯರ ದನಿಯನ್ನು ರೆಕಾರ್ಡ್ ಮಾಡಿಕೊಂಡು ಬನ್ನಿ ಎಂದು ಒಂದು ಚಳಿಗಾಲದಲ್ಲಿ ಕಳಿಸಿದೆ. ಮಿಸಿಸಿಪ್ಪಿಯಿಂದ ಇಲಿನಾಯ್ ಸೆಂಟ್ರಲ್ ರೈಲು ಹತ್ತಿ ಬಂದ ಮನೆತನಗಳು ಇಲ್ಲಿ ಎಷ್ಟೋ ಇವೆ. ದಾರಿಗೆಂದು ಶೂ ಡಬ್ಬಿಯಲ್ಲಿ ಹುರಿದ ಕೋಳಿ ಕಟ್ಟಿಕೊಂಡು ಬಂದದ್ದನ್ನು ಒಬ್ಬ ಅಜ್ಜಿ ಹೇಳಿದರು. ಮೊಮ್ಮಗ ಅದನ್ನು ಬರೆದು ತಂದ, ಆದರೆ ಕಥೆ ತುಂಬ ಅಜ್ಜಿಯೇ ಇದ್ದರು. ಕೇಳುತ್ತ ಕೂತ ನೀನೆಲ್ಲಿ ಎಂದೆ. ಎರಡನೆಯ ಸಲ ಅವನು ಅಡುಗೆಮನೆಯ ಮೇಜಿನಿಂದ ಶುರುಮಾಡಿದ. ನಾಲ್ಕೂ ಪುಸ್ತಕಗಳಲ್ಲಿ ನನಗೆ ಅತಿ ಮೆಚ್ಚುಗೆಯ ಕಥೆ ಅದು.

ಐದನೆಯದು ಈಗ ಕರಡಿನಲ್ಲಿದೆ. ಮೊದಲ ತಂಡದಲ್ಲಿ ಬರೆದ ಇಬ್ಬರು, ಈಗ ಇಪ್ಪತ್ತು ದಾಟಿದವರು, ಸಂಪಾದಕರಾಗಿದ್ದಾರೆ. ಅವರ ಸಂಬಳಕ್ಕೆ ಇನ್ನೂ ಒಂಬೈನೂರು ಡಾಲರ್ ಹೊಂದಿಸಬೇಕು. ಶನಿವಾರದ 20 ಡಾಲರ್‌ಗೆ ಕೈ ಹಾಕದೆ ಅದನ್ನು ಎಲ್ಲಿಂದ ತರುವುದೆಂದು ಮೂವರೂ ಲೆಕ್ಕ ಹಾಕುತ್ತಿದ್ದೇವೆ.