ಗಿಟಾರ್ ಪೆಡಲ್‌ಗೆ ಬಿಡಿಭಾಗ: ಚೀಟಿ ಬರೆಯುವುದು ಹೇಗೆ, ಎಲ್ಲಿ ಕೊಳ್ಳುವುದು

ಗಿಟಾರ್ ಮತ್ತು ಆಂಪ್ ನಡುವೆ ಕೂತು ಸದ್ದು ಬದಲಿಸುವ, ಕಾಲಲ್ಲಿ ಒತ್ತುವ ಡಬ್ಬಿಯೇ ಪೆಡಲ್. ಮನೆಯಲ್ಲಿ ಕಟ್ಟಿದ್ದು ಕೈಕೊಟ್ಟರೆ ಮೊದಲ ಅನುಮಾನ ಟ್ರಾನ್ಸಿಸ್ಟರ್ ಮೇಲೆ. ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಕಾಣುವುದು ಸಡಿಲವಾದ ಜ್ಯಾಕ್, ಒಳಗೆ ಕರಗಿದ ಫುಟ್‌ಸ್ವಿಚ್, ಇಲ್ಲವೇ ಕರಕರ ಎನ್ನುವ ಪಾಟ್ (ತಿರುಗಿಸುವ ಗುಂಡಿಯ ಕೆಳಗಿನ ಭಾಗ). ಹಾಗಾಗಿ ಕಾಲು, ಕೈ, ಕೇಬಲ್ ತಾಗುವ ಭಾಗಗಳಿಗೆ ದುಡ್ಡು ಹಾಕಿ. ಬೋರ್ಡಿನ ಮೇಲೆ ಕೂರುವ ರೆಸಿಸ್ಟರ್, ಕೆಪಾಸಿಟರ್‌ಗಳಿಗೆ ಮಾಮೂಲಿ ಮಾಲು ಸಾಕು. ಅಲ್ಲಿ ಬೇಕಿರುವುದು ದುಬಾರಿ ಬ್ರ್ಯಾಂಡ್ ಅಲ್ಲ, ಸರಿಯಾದ ಅಳತೆ.

ಮೊದಲ ಪೆಡಲ್‌ಗೆ ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿಯ ಸಿಗ್ನಲ್ ಜೋರು ಮಾಡುವ ಎಲ್‌ಪಿಬಿ-1 ಬೂಸ್ಟರ್‌ಗಿಂತ ಒಳ್ಳೆಯ ಸರ್ಕ್ಯೂಟ್ ಸಿಗುವುದು ಕಷ್ಟ. 1960ರ ದಶಕದ ಕೊನೆಯದು, ಒಂದೇ ಟ್ರಾನ್ಸಿಸ್ಟರ್. ಮೂಲದಲ್ಲಿ ಟ್ರಾನ್ಸಿಸ್ಟರ್‌ನ ಬೇಸ್ ಕಾಲಿಗೆ 430ಕೆ ಮತ್ತು 43ಕೆ ರೆಸಿಸ್ಟರ್‌ಗಳಿವೆ (ಕೆ ಅಂದರೆ ಸಾವಿರ ಓಮ್, ಎಂ ಅಂದರೆ ಹತ್ತು ಲಕ್ಷ ಓಮ್). ಇವೆರಡು ಬಿಡಿ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ; 470ಕೆ, 47ಕೆ ಎಲ್ಲ ಕಡೆಯೂ ಸಿಗುತ್ತವೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಅನುಪಾತ ಅಷ್ಟೇ ಉಳಿಯುತ್ತದೆ, ಬೇಸ್ ವೋಲ್ಟೇಜೂ ಬದಲಾಗದು. ಒಂದನ್ನು ಮಾತ್ರ ಬದಲಿಸಬೇಡಿ.

ಚೀಟಿಯಲ್ಲಿ ಹೀಗೆ ಬರೆದುಕೊಳ್ಳಿ:

- ಕಾಲು ವ್ಯಾಟ್, 1% ಮೆಟಲ್ ಫಿಲ್ಮ್ ರೆಸಿಸ್ಟರ್: 1ಎಂ, 470ಕೆ, 47ಕೆ, 10ಕೆ, 4.7ಕೆ, 390 ಓಮ್
- ಬಾಕ್ಸ್ ಕೆಪಾಸಿಟರ್ 104, ಅಂದರೆ 0.1 ಮೈಕ್ರೋಫ್ಯಾರಡ್, 63 ಅಥವಾ 100 ವೋಲ್ಟ್: 2
- ಎಲೆಕ್ಟ್ರೋಲಿಟಿಕ್ 100 ಮೈಕ್ರೋಫ್ಯಾರಡ್, 25 ವೋಲ್ಟ್: 1
- ಬಿಸಿ549ಸಿ ಅಥವಾ 2ಎನ್5088: 3 (ಬೇಕಾದ್ದು ಒಂದೇ)
- 1ಎನ್5817 ಡಯೋಡ್: 1
- 100ಕೆ ಲಾಗ್ ಪಾಟ್, 16 ಮಿ.ಮೀ.: 1
- ಪಿ-38 ಜ್ಯಾಕ್ (ಗಿಟಾರ್ ಕೇಬಲ್ ಚುಚ್ಚುವುದು): ಸ್ಟೀರಿಯೊ 1, ಮೊನೊ 1
- ತ್ರೀ ಪೋಲ್ ಡಬಲ್ ಥ್ರೋ ಫುಟ್‌ಸ್ವಿಚ್, ಒಂಬತ್ತು ಕಾಲಿನದು: 1
- 2.1 ಮಿ.ಮೀ. ಡಿಸಿ ಸಾಕೆಟ್, ಪ್ಲಾಸ್ಟಿಕ್ ಮೈಯದು: 1
- 5 ಮಿ.ಮೀ. ಎಲ್‌ಇಡಿ, ಅದರ ಹೋಲ್ಡರ್, ಡಾಟ್ ಪಿಸಿಬಿ (ಸಾಲುಸಾಲು ತೂತಿರುವ ಬೋರ್ಡ್), ವೈರ್, ಡಬ್ಬಿ

ರೆಸಿಸ್ಟರ್ ಬಿಡಿಯಾಗಿ ಒಂದೊಂದು ಕೊಡುವವರು ಕಡಿಮೆ. ಹತ್ತರ ಪಟ್ಟಿಯಲ್ಲೇ ತಗೊಳ್ಳಿ. ನೀಲಿ ಮೈಯ ಐದು ಪಟ್ಟೆಗಳನ್ನು ಓದುವ ಸಾಹಸ ಬೇಡ. ಕಂದು, ಕೆಂಪು, ಕಿತ್ತಳೆ ಮೂರೂ ಒಂದೇ ಥರ ಕಾಣುತ್ತವೆ. ಬೆಸುಗೆಗೆ ಮುಂಚೆ ಪ್ರತಿಯೊಂದನ್ನೂ ಮಲ್ಟಿಮೀಟರ್‌ನಲ್ಲಿ ಅಳೆಯಿರಿ. 4.7ಕೆ ಇರುವುದು ಎಲ್‌ಇಡಿಗೆ, 1ಎಂ ಇನ್‌ಪುಟ್‌ನಿಂದ ಗ್ರೌಂಡ್‌ಗೆ. ಈ 1ಎಂ ಬಿಟ್ಟರೆ ಸ್ವಿಚ್ ಒತ್ತಿದಾಗಲೆಲ್ಲ ಆಂಪ್‌ನಲ್ಲಿ ಟಪ್ ಎನ್ನುತ್ತದೆ.

ಕೆಪಾಸಿಟರ್ ಕೇಳುವಾಗ ವೋಲ್ಟ್ ಹೇಳದಿದ್ದರೆ 400 ವೋಲ್ಟ್‌ನ ದಪ್ಪ ಮಾಲು ಕೈಗೆ ಬರುತ್ತದೆ, ಕರೆಂಟಿನ ಸಾಮಾನುಗಳಿಗೆ ಹೆಚ್ಚು ಹೋಗುವುದು ಅದೇ. ಸರ್ಕ್ಯೂಟ್‌ಗೆ ಅದರಿಂದ ತೊಂದರೆಯಿಲ್ಲ, ಆದರೆ ಬೋರ್ಡಿನಲ್ಲಿ ಕೂರುವುದಿಲ್ಲ. ಕಾಲಿನ ಅಂತರ 5 ಮಿ.ಮೀ. ಇರುವುದನ್ನೇ ಕೇಳಿ. ಆಡಿಯೊ ಹಾದುಹೋಗುವ ಕಡೆ 104 ಡಿಸ್ಕ್ ಸೆರಾಮಿಕ್ ಹಾಕಿದರೂ ಪೆಡಲ್ ನಡೆಯುತ್ತದೆ. ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಜಾಸ್ತಿ ಇರುವಲ್ಲಿ ಡಬ್ಬಿ ತಟ್ಟಿದರೆ ಆ ಸದ್ದೂ ಕೇಳಿಸುತ್ತದೆ ಅಷ್ಟೆ. 47 ಪಿಕೋಫ್ಯಾರಡ್‌ನಂಥ ಚಿಕ್ಕ ಬೆಲೆಗಳಿಗೆ ಸೆರಾಮಿಕ್ಕೇ ಸರಿ. ಟ್ಯೂಬ್ ಸ್ಕ್ರೀಮರ್ ಎಂಬ ಪೆಡಲ್‌ನಲ್ಲಿ ಬರುವ 51 ಪಿಕೋಫ್ಯಾರಡ್‌ಗೆ ಅಲೆದಾಡಬೇಡಿ, 47 ಹಾಕಿದರೆ ಕಿವಿಗೆ ಗೊತ್ತಾಗದು.

ಟ್ರಾನ್ಸಿಸ್ಟರ್‌ನಲ್ಲಿ ಎಡವುವುದು ಕಾಲಿನ ಕ್ರಮದಲ್ಲಿ. ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ: ಬಿಸಿ549ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್, 2ಎನ್5088ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ತಿರುಗಾಮುರುಗಾ ಹಾಕಿದರೆ ಸುಡುವುದಿಲ್ಲ, ಸದ್ದೂ ಸ್ವಲ್ಪ ಬರಬಹುದು, ಬೂಸ್ಟ್ ಮಾತ್ರ ಇರುವುದಿಲ್ಲ. ಅದಕ್ಕೇ ಈ ತಪ್ಪು ಬೇಗ ಸಿಕ್ಕಿಬೀಳುವುದಿಲ್ಲ. ಫೀಮೇಲ್ ಹೆಡರ್ ಪಟ್ಟಿಯಿಂದ ಮೂರು ತೂತು ಕತ್ತರಿಸಿ ಸಾಕೆಟ್ ಮಾಡಿಕೊಳ್ಳಿ. ಹೆಸರಿನ ಕೊನೆಯ ‘ಸಿ’ ಗೇನ್ ಗುಂಪಿನ ಗುರುತು: ಬಿಸಿ549ಸಿಯ ಗೇನ್ 420ರಿಂದ 800. 9 ವೋಲ್ಟ್ ಕೊಟ್ಟಾಗ ಕಲೆಕ್ಟರ್‌ನಲ್ಲಿ 4ರಿಂದ 5 ವೋಲ್ಟ್ ಸಿಕ್ಕರೆ ಸರಿ. ಗೇನ್ 150ರಷ್ಟೇ ಇರುವುದನ್ನು ಹಾಕಿದರೆ ಅದು 6ರ ಸಮೀಪಕ್ಕೆ ಏರುತ್ತದೆ.

ಈ ವೋಲ್ಟೇಜ್ ಅಡಾಪ್ಟರ್‌ನಿಂದಲೂ ಹಾಳಾಗುತ್ತದೆ. ರೂಟರ್‌ನ 12 ವೋಲ್ಟ್ ಅಡಾಪ್ಟರ್ ಚುಚ್ಚಿದರೆ ಈ ಸರ್ಕ್ಯೂಟ್‌ನಲ್ಲಿ ಕಲೆಕ್ಟರ್ 2 ವೋಲ್ಟ್ ಆಸುಪಾಸಿಗೆ ಇಳಿದು ಸಿಗ್ನಲ್‌ನ ಒಂದು ಬದಿ ಕತ್ತರಿಸಿಹೋಗುತ್ತದೆ. ಮೇಲಾಗಿ ಅಂಥ ಅಡಾಪ್ಟರ್‌ಗಳಲ್ಲಿ ನಡುವಿನ ಪಿನ್ ಪ್ಲಸ್. ಗಿಟಾರ್ ಪೆಡಲ್‌ನ ವಾಡಿಕೆ ನಡುವೆ ಮೈನಸ್. ಚೀಟಿಯಲ್ಲಿರುವ 1ಎನ್5817 ಪ್ಲಸ್ ಲೈನಿನಲ್ಲಿ ಸೀರೀಸ್‌ನಲ್ಲಿ ಕೂತು ಉಲ್ಟಾ ಕರೆಂಟನ್ನು ತಡೆಯುತ್ತದೆ.

ಡಿಸಿ ಸಾಕೆಟ್ ಪ್ಲಾಸ್ಟಿಕ್ಕಿನದೇ ಆಗಬೇಕು ಎನ್ನುವುದೂ ಇದೇ ಕಾರಣಕ್ಕೆ. ನಡುವೆ ಮೈನಸ್ ಎಂದರೆ ಹೊರಗಿನ ಬಳೆ ಪ್ಲಸ್. ಲೋಹದ ಮೈಯ ಸಾಕೆಟ್‌ನಲ್ಲಿ ಆ ಬಳೆ ಡಬ್ಬಿಗೆ ತಾಗಿರುತ್ತದೆ, ಡಬ್ಬಿ ಜ್ಯಾಕ್‌ಗಳ ಮೂಲಕ ಗ್ರೌಂಡ್ ಆಗಿರುತ್ತದೆ. ಅಡಾಪ್ಟರ್ ಹಾಕಿದ ಕೂಡಲೇ ಶಾರ್ಟ್. ಮೇಜಿನ ಮೇಲೆ ಚೆನ್ನಾಗಿ ನುಡಿದು ಡಬ್ಬಿಗೆ ಹಾಕಿದೊಡನೆ ಸತ್ತುಹೋದ ಪೆಡಲ್‌ನಲ್ಲಿ ಮೊದಲು ನೋಡಬೇಕಾದ್ದು ಇದನ್ನು.

ಫುಟ್‌ಸ್ವಿಚ್ ಒತ್ತಿ ಬಿಟ್ಟ ಮೇಲೂ ಹಾಗೇ ನಿಲ್ಲುವ ಜಾತಿಯದಾಗಿರಬೇಕು. ನೋಡಲು ಒಂದೇ ಥರ ಇರುವ, ಕೈ ತೆಗೆದರೆ ವಾಪಸಾಗುವ ಸ್ವಿಚ್ಚೂ ಇದೆ. ಕೌಂಟರ್‌ನಲ್ಲೇ ಮಲ್ಟಿಮೀಟರ್‌ನ ಬೀಪ್ ಇಟ್ಟು ಮಧ್ಯದ ಮೂರೂ ಕಾಲುಗಳನ್ನು ಪರೀಕ್ಷಿಸಿ: ಒಮ್ಮೆ ಒತ್ತಿದರೆ ಮೇಲಿನ ಸಾಲಿಗೆ, ಇನ್ನೊಮ್ಮೆ ಒತ್ತಿದರೆ ಕೆಳಗಿನ ಸಾಲಿಗೆ. ಬೆಸೆಯುವಾಗ ಒಂದು ಕಾಲಿಗೆ ಮೂರು ಸೆಕೆಂಡ್ ಮೀರಬೇಡಿ, ಮುಂದಿನದಕ್ಕೆ ಹೋಗುವ ಮುಂಚೆ ಆರಲು ಬಿಡಿ. ಬಿಸಿ ಹೆಚ್ಚಾದರೆ ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಕಾಂಟ್ಯಾಕ್ಟ್ ಓರೆಯಾಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ.

ಪಾಟ್ ಕೇಳಿದರೆ ಸುಮ್ಮನೆ ಕೊಡುವುದು ಬಿ, ಅಂದರೆ ತಿರುಗಿಸಿದಷ್ಟೂ ಸಮವಾಗಿ ಏರುವ ಲೀನಿಯರ್. ಮೊದಲು ನಿಧಾನ, ಕೊನೆಗೆ ಬೇಗ ಏರುವ, ಎ ಗುರುತಿನ ಲಾಗ್ ಪಾಟ್ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ಹಳೆಯ ಯುರೋಪಿಯನ್ ಪಾಟ್‌ಗಳಲ್ಲಿ ಈ ಅಕ್ಷರಗಳ ಅರ್ಥ ತಲೆಕೆಳಗು, ಆದ್ದರಿಂದ ನಡುವಿಗೆ ತಿರುಗಿಸಿ ಅಳೆಯಿರಿ: ಎರಡೂ ಕಡೆ 50ಕೆ ಬಂದರೆ ಲೀನಿಯರ್. ಲಾಗ್ ಸಿಗಲೇ ಇಲ್ಲವೆಂದರೆ 100ಕೆ ಲೀನಿಯರ್‌ನ ಮಧ್ಯದ ಕಾಲಿನಿಂದ ಗ್ರೌಂಡ್‌ಗೆ 22ಕೆ ಹಾಕಿ. ಪೂರ್ತಿ ತಿರುಗಿಸಿದಾಗ ಸುಮಾರು 3 ಡೆಸಿಬಲ್ ಕಡಿಮೆಯಾಗುತ್ತದೆ. ಬೂಸ್ಟರ್‌ನಲ್ಲಿ ಅದೇನೂ ದೊಡ್ಡ ನಷ್ಟವಲ್ಲ.

ಡಬ್ಬಿಗೆ ಹ್ಯಾಮಂಡ್ ಕಂಪನಿಯ 1590ಬಿ ಅಳತೆ, 112×60×31 ಮಿ.ಮೀ., ಮಾದರಿ. ಅದರ ನಕಲುಗಳೂ ಚೆನ್ನಾಗಿಯೇ ಇರುತ್ತವೆ. ಒಳಗೆ ಬ್ಯಾಟರಿಯೂ ಬೇಕೆಂದರೆ ಇದು ಇಕ್ಕಟ್ಟು, 125ಬಿ ಅಳತೆಗೆ ಹೋಗಿ. ಪ್ಲಾಸ್ಟಿಕ್ ಡಬ್ಬಿ ಹಮ್ (ಗುಂಯ್ ಎನ್ನುವ ಕರೆಂಟಿನ ಸದ್ದು) ಎಳೆಯುತ್ತದೆ. ಹಾಕಲೇಬೇಕಾದರೆ ಒಳಗೆ ತಾಮ್ರದ ಟೇಪ್ ಅಂಟಿಸಿ ಗ್ರೌಂಡ್‌ಗೆ ಸೇರಿಸಿ. ತೂತು ಸಾಮಾನ್ಯವಾಗಿ ಫುಟ್‌ಸ್ವಿಚ್‌ಗೆ 12 ಮಿ.ಮೀ., ಜ್ಯಾಕ್‌ಗೆ 10, 16 ಮಿ.ಮೀ. ಪಾಟ್‌ಗೆ 7ರಿಂದ 7.5. ಆದರೂ ಭಾಗ ಕೈಗೆ ಬಂದು ವರ್ನಿಯರ್‌ನಲ್ಲಿ ಅಳೆಯುವವರೆಗೆ ಡ್ರಿಲ್ ಮುಟ್ಟಬೇಡಿ.

ಇನ್ನು ಕೊಳ್ಳುವ ಜಾಗ. ಬೆಂಗಳೂರಿನವರಿಗೆ ಎಸ್‌ಪಿ ರೋಡ್. ಭಾನುವಾರ ಹೋಗಬೇಡಿ, ಬಹಳಷ್ಟು ಬಾಗಿಲು ಮುಚ್ಚಿರುತ್ತವೆ. ಮುಂಬೈಯಲ್ಲಿ ಲ್ಯಾಮಿಂಗ್ಟನ್ ರೋಡ್, ಚೆನ್ನೈಯಲ್ಲಿ ರಿಚ್ಚಿ ಸ್ಟ್ರೀಟ್. ರೆಸಿಸ್ಟರ್, ಬಿಸಿ ಸರಣಿಯ ಟ್ರಾನ್ಸಿಸ್ಟರ್, 4558 ಮತ್ತು ಟಿಎಲ್072 ಐಸಿ, ಐಸಿ ಬೇಸ್, ಪಿ-38 ಜ್ಯಾಕ್ ಇವೆಲ್ಲ ಕೌಂಟರ್‌ನಲ್ಲೇ ಕೊಳ್ಳಿ. ಡಿಲೇ (ಪ್ರತಿಧ್ವನಿ ಕೊಡುವ ಪೆಡಲ್) ಕಟ್ಟುವವರಿಗೆ ಬೇಕಾದ ಪಿಟಿ2399 ಕೂಡ ಸಿಗುತ್ತದೆ, ಆಂಪ್ಲಿಫೈಯರ್ ಅಂಗಡಿಗಳ ಎಕೋ ಬೋರ್ಡುಗಳಲ್ಲಿ ಇರುವುದು ಅದೇ. ಫುಟ್‌ಸ್ವಿಚ್, 16 ಮಿ.ಮೀ. ಲಾಗ್ ಪಾಟ್, ಡಬ್ಬಿಗಳನ್ನು ಆನ್‌ಲೈನ್‌ನಲ್ಲಿ ತರಿಸುವುದೇ ಮೇಲು. ಥಾಯ್ಲೆಂಡಿನ ಟೈಡಾದಂಥ ಆನ್‌ಲೈನ್ ಅಂಗಡಿಯಲ್ಲಿ ಈ ಮೂರೂ ಒಂದೇ ಬುಟ್ಟಿಯಲ್ಲಿ ಸಿಗುತ್ತವೆ. ಸುಂಕ, ಐಜಿಎಸ್‌ಟಿ, ಕೊರಿಯರ್‌ನವರ ಕ್ಲಿಯರೆನ್ಸ್ ಶುಲ್ಕ ಸೇರಿಸಿಯೇ ಲೆಕ್ಕ ಹಾಕಿ. ಒಂದೇ ಪೆಡಲ್‌ಗೆ ಇದು ಗಿಟ್ಟುವುದಿಲ್ಲ, ನಾಲ್ಕೈದಕ್ಕೆ ಒಟ್ಟಿಗೆ ತರಿಸಿದರೆ ಗಿಟ್ಟುತ್ತದೆ.

ನಕಲಿ ಮಾಲಿನ ಕಾಟ ಹೆಚ್ಚಿರುವುದು ಜೆ201ರಂಥ ಜೆಫೆಟ್‌ಗಳಲ್ಲಿ (ಡ್ರೈನ್, ಗೇಟ್, ಸೋರ್ಸ್ ಎಂಬ ಕಾಲುಗಳಿರುವ ಟ್ರಾನ್ಸಿಸ್ಟರ್). ಮೂರು ಕಾಲಿನ ಹಳೆಯ ರೂಪದ ತಯಾರಿಕೆ ನಿಂತಮೇಲೆ ಬೇರೆ ಜೆಫೆಟ್‌ಗೆ ಹೆಸರು ಅಚ್ಚೊತ್ತಿ ಮಾರುವುದು ಶುರುವಾಯಿತು. ಪರೀಕ್ಷೆ ಸುಲಭ: ಡ್ರೈನ್‌ಗೆ 9 ವೋಲ್ಟ್, ಗೇಟ್ ಗ್ರೌಂಡ್‌ಗೆ, ಸೋರ್ಸ್‌ನಿಂದ ಗ್ರೌಂಡ್‌ಗೆ ಮಲ್ಟಿಮೀಟರ್ ಮಾತ್ರ. ಡಿಸಿ ವೋಲ್ಟ್‌ನಲ್ಲಿ 0.3ರಿಂದ 1.5ರೊಳಗೆ ತೋರಿಸಬೇಕು. 3 ವೋಲ್ಟ್ ತೋರಿಸಿದರೆ ಅದು ಜೆ201 ಅಲ್ಲ.

ಸದ್ದನ್ನು ಒರಟಾಗಿಸುವ ಫಜ್ ಫೇಸ್ ಪೆಡಲ್ ಕಟ್ಟುವವರು ಹುಡುಕುವುದು ಜರ್ಮೇನಿಯಂ ಟ್ರಾನ್ಸಿಸ್ಟರ್. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1962ರಲ್ಲೇ ಅದನ್ನು ತಯಾರಿಸಲು ತೊಡಗಿತ್ತು. ಹಳೆಯ ರೇಡಿಯೊ ರಿಪೇರಿ ಅಂಗಡಿಗಳ ಡಬ್ಬಗಳಲ್ಲಿ ಎಸಿ128 ಎಂಬ ಜರ್ಮೇನಿಯಂ ಟ್ರಾನ್ಸಿಸ್ಟರ್ ಇನ್ನೂ ಸಿಕ್ಕರೆ ಆಶ್ಚರ್ಯವಿಲ್ಲ. ಆದರೆ ಮಲ್ಟಿಮೀಟರ್‌ನ ಗೇನ್ ಸಾಕೆಟ್‌ ನಂಬಬೇಡಿ, ಅದು ಸೋರಿಕೆಯನ್ನೂ (ಬೇಸ್‌ಗೆ ಏನೂ ಕೊಡದಿದ್ದಾಗಲೂ ಹರಿಯುವ ಕರೆಂಟ್) ಗೇನ್ ಎಂದೇ ಎಣಿಸುತ್ತದೆ. ಎಮಿಟರ್‌ಗೆ 9 ವೋಲ್ಟ್‌ನ ಪ್ಲಸ್, ಕಲೆಕ್ಟರ್‌ನಿಂದ ಮೈನಸ್‌ಗೆ 2.2ಕೆ ಮತ್ತು 270 ಓಮ್ ಸೀರೀಸ್‌ನಲ್ಲಿ ಹಾಕಿ ಆ ಜೋಡಿಯ ಮೇಲಿನ ವೋಲ್ಟೇಜ್ ನೋಡಿ: 0.25 ವೋಲ್ಟ್ ಬಂದರೆ ಸೋರಿಕೆ ಸುಮಾರು 100 ಮೈಕ್ರೋಆಂಪ್. ಈಗ ಬೇಸ್‌ನಿಂದ ಮೈನಸ್‌ಗೆ 2.2ಎಂ ಸೇರಿಸಿ, ಹೊಸ ವೋಲ್ಟೇಜ್‌ನಿಂದ ಹಳೆಯದನ್ನು ಕಳೆದು ನೂರರಿಂದ ಗುಣಿಸಿದರೆ ನಿಜವಾದ ಗೇನ್. ಫಜ್ ಫೇಸ್‌ನ ಎರಡು ಟ್ರಾನ್ಸಿಸ್ಟರ್‌ಗಳಲ್ಲಿ ಮೊದಲನೆಯದಕ್ಕೆ 70ರ ಆಸುಪಾಸು, ಎರಡನೆಯದಕ್ಕೆ 120ರ ಆಸುಪಾಸು ಹೊಂದುತ್ತದೆ. 300 ಮೈಕ್ರೋಆಂಪ್ ಮೀರಿ ಸೋರುವುದನ್ನು ಬಿಟ್ಟುಬಿಡಿ. ಬೆರಳು ತಾಗಿದ ಬಿಸಿಗೇ ಅಂಕಿ ಏರುತ್ತದೆ, ಸಾಕೆಟ್‌ಗೆ ಹಾಕಿ ಒಂದೆರಡು ನಿಮಿಷ ಬಿಟ್ಟು ಓದಿ. ಮೇ ತಿಂಗಳ ಮಧ್ಯಾಹ್ನ ಹೊಂದಿಸಿದ ಫಜ್ ತಂಪು ರಾತ್ರಿಯಲ್ಲಿ ಬೇರೆಯಾಗಿ ನುಡಿಯುವುದೂ ಇದರಿಂದಲೇ. ಹಾಗಾಗಿ ಎರಡನೆಯ ಕಲೆಕ್ಟರ್‌ನ 8.2ಕೆ ಬದಲು 20ಕೆ ಪ್ರಿಸೆಟ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಪುಟ್ಟ ಪಾಟ್) ಇಟ್ಟು ಅಲ್ಲಿ 4.5 ವೋಲ್ಟ್ ಬರುವಂತೆ ಹೊಂದಿಸಿ, ಹಿಂಬದಿಯ ಮುಚ್ಚಳ ತೆಗೆದರೆ ಸ್ಕ್ರೂಡ್ರೈವರ್ ನೇರ ಅದಕ್ಕೇ ಹೋಗುವಂತೆ ಬೋರ್ಡ್ ಕೂರಿಸಿ.