'ಒಂದೆರಡು ಕಡೆ ಮಳೆ' ಅಂದರೆ ನಮ್ಮ ಹೊಲಕ್ಕೂ ಬರುತ್ತಾ? ಬುಲೆಟಿನ್ ಓದುವುದು ಹೀಗೆ

ಮಂಗಳವಾರ, ಶುಕ್ರವಾರ. ಈ ಎರಡು ದಿನ ನೆನಪಿಟ್ಟುಕೊಳ್ಳಿ. ನಿಮ್ಮ ಜಿಲ್ಲೆಯ ಕೃಷಿ ಹವಾಮಾನ ಬುಲೆಟಿನ್ ಬರುವುದು ಆವತ್ತೇ. ಮಳೆಯ ಅಂಕಿ ಕೊಡುವುದು ಭಾರತೀಯ ಹವಾಮಾನ ಇಲಾಖೆ. ಅದನ್ನು ನೋಡಿ ರಾಗಿಗೆ ಏನು, ತೊಗರಿಗೆ ಏನು ಅಂತ ಸಲಹೆ ಬರೆಯುವುದು ಬೆಂಗಳೂರು, ಧಾರವಾಡ, ರಾಯಚೂರಿನಂಥ ಕೃಷಿ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಇದೇ ಥರ ಸಲಹೆ ಬರೆಯುತ್ತಿದ್ದ ಜಿಲ್ಲಾ ಘಟಕಗಳನ್ನು 2024ರಲ್ಲಿ ಮುಚ್ಚಿಬಿಟ್ಟರು. ಅದು ಸರಿಯಾದ ಕೆಲಸ ಅಂತ ನನಗಂತೂ ಅನ್ನಿಸಿಲ್ಲ.

ಮೊದಲು ಫೋನಿಗೆ ಮೇಘದೂತ್ ಆ್ಯಪ್ ಹಾಕಿಕೊಳ್ಳಿ. 2019ರಿಂದ ಇದೆ, ದುಡ್ಡು ಕೊಡಬೇಕಾಗಿಲ್ಲ. ನಿಮ್ಮ ಜಿಲ್ಲೆ ಆರಿಸಿದರೆ ಮುಂದಿನ 5 ದಿನದ ಮಳೆ, ಬಿಸಿಲು, ತೇವ, ಗಾಳಿ ಎಲ್ಲಾ ಕಾಣುತ್ತದೆ.

ಇನ್ನು ಓದುವುದು. ನಮ್ಮಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. 'ಒಂದೆರಡು ಕಡೆ ಮಳೆ' ಅಂತ ಇತ್ತು, ನಮ್ಮೂರಿಗೆ ಒಂದು ಹನಿಯೂ ಬೀಳಲಿಲ್ಲ, ಎಲ್ಲಾ ಸುಳ್ಳು ಅಂತ ಕಟ್ಟೆ ಮೇಲೆ ಕೂತು ಬೈಯುತ್ತೇವೆ, ಅಲ್ವಾ? ಆದರೆ ಆ ಮಾತಿಗೆ ಇಲಾಖೆಯಲ್ಲಿ ಒಂದು ಲೆಕ್ಕ ಇದೆ. ಒಂದೆರಡು ಕಡೆ ಅಂದರೆ ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ನೂರಕ್ಕೆ 25ರಲ್ಲಿ ಮಳೆ. ಕೆಲವು ಕಡೆ ಅಂದರೆ 26ರಿಂದ 50, ಹಲವು ಕಡೆ ಅಂದರೆ 51ರಿಂದ 75, ಬಹುತೇಕ ಕಡೆ ಅಂದರೆ ಅದಕ್ಕೂ ಮೇಲೆ. ಅಂದರೆ 'ಒಂದೆರಡು ಕಡೆ' ಅಂತ ಇದ್ದ ದಿನ ಮುಕ್ಕಾಲು ಪಾಲು ಊರುಗಳು ಒಣಗಿಯೇ ಇರಬಹುದು. ಆ ಒಂದು ಸಾಲು ನಂಬಿಕೊಂಡು ಬೀಜ ಚೆಲ್ಲಬೇಡಿ.

'ಭಾರಿ' ಅನ್ನುವ ಪದವೂ ಸುಮ್ನೆ ಬರೆದದ್ದಲ್ಲ. ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ಭಾರಿ, 115.6 ಮುಟ್ಟಿದರೆ ಅತಿ ಭಾರಿ. ಒಂದು ಮಿ.ಮೀ. ಮಳೆ ಅಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ನೀವೇ ಗುಣಿಸಿ ನೋಡಿ, ನಿನ್ನೆ ಎರಚಿದ ಯೂರಿಯಾ ಎಲ್ಲಿಗೆ ಹೋಯಿತು ಅಂತ ಗೊತ್ತಾಗುತ್ತದೆ.

ಆಮೇಲೆ ನಿಮ್ಮದೇ ಅಳತೆ. ಅಡಿಯಿಂದ ಬಾಯಿವರೆಗೆ ಒಂದೇ ಅಗಲ ಇರುವ ಡಬ್ಬಿ ತಗೊಂಡು ಮರ, ಮನೆ ಅಡ್ಡ ಬರದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ. ಬೆಳಿಗ್ಗೆ 8.30ಕ್ಕೆ ಸ್ಕೇಲ್ ಇಳಿಸಿ ನೀರಿನ ಎತ್ತರ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದು ಚೆಲ್ಲಿ. ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ. ರೋಹಿಣಿ ಮಳೆಯಾದರೆ ಓಣಿಯೆಲ್ಲಾ ಜೋಳ ಅಂತ ಹಿರಿಯರು ಹೇಳಿದ್ದು ನಿಜವೇ, ಆದರೆ ರೋಹಿಣಿ ನಿಮ್ಮ ಹೊಲಕ್ಕೆ ಎಷ್ಟು ಕೊಟ್ಟಿತು ಅಂತ ಹೇಳುವುದು ಡಬ್ಬಿ ಮಾತ್ರ.

ಈಗ ಬುಲೆಟಿನ್, ಡಬ್ಬಿಯ ಲೆಕ್ಕ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ತೀರ್ಮಾನ ಮಾಡಿ. ಮೊದಲೆರಡು ದಿನದ ಮುನ್ಸೂಚನೆಯನ್ನು ಜಾಸ್ತಿ ನಂಬಬಹುದು, ಐದನೇ ದಿನದ್ದನ್ನು ಅಷ್ಟಲ್ಲ. ಹಾಗಾಗಿ ನಾಳೆಯ ಕೆಲಸಗಳಿಗೆ ಬುಲೆಟಿನ್ ನೋಡಿ. ಗೊಬ್ಬರ ಮುಂದೂಡುವುದು, ಕೊಯ್ದ ಪೈರಿಗೆ ಟಾರ್ಪಾಲು ಹೊದಿಸುವುದು, ಅಡಿಕೆಗೆ ಬೋರ್ಡೋ (ಕೊಳೆರೋಗದ ಔಷಧಿ) ಹೊಡೆಯಲು ಮಳೆ ಬಿಡುವಿನ ದಿನ ಹುಡುಕುವುದು, ಇಂಥವು. ಮುನ್ಸೂಚನೆ ತಪ್ಪಿದರೂ ಇಲ್ಲಿ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ. ಬಿತ್ತನೆ ಹಾಗಲ್ಲ, ಬೀಜ ವಾಪಸ್ ಬರುವುದಿಲ್ಲ. ಅದಕ್ಕೆ ಮೊದಲು ಮಣ್ಣಿನ ತೇವ ಮತ್ತು ಡಬ್ಬಿಯ ಲೆಕ್ಕ, ಜೊತೆಗೆ ಇಲಾಖೆ ಗುರುವಾರ ಗುರುವಾರ ಕೊಡುವ ನಾಲ್ಕು ವಾರದ ಮುನ್ನೋಟ ನೋಡಿ. ಮುಂದೆ ಮಳೆ ಕೈಕೊಡುವ ಹಾಗಿದ್ದರೆ ಒಂದು ತುಂಡು ಹೊಲಕ್ಕೆ ಮಾತ್ರ ಬಿತ್ತಿ, ಮಿಕ್ಕದ್ದು ಉಳಿಸಿಕೊಳ್ಳಿ.

ಅಷ್ಟಾದರೂ ಹೊಲ ಮುಳುಗಬಹುದು. ಫಸಲ್ ಬಿಮಾ (ಬೆಳೆ ವಿಮೆ) ಮಾಡಿಸಿದ್ದರೆ 72 ಗಂಟೆಯೊಳಗೆ ವಿಮೆಯವರಿಗೆ ತಿಳಿಸಬೇಕು. ನಿಮ್ಮ ಡಬ್ಬಿಯ ಅಂಕಿಯನ್ನು ವಿಮೆಯವರು ಒಪ್ಪಲೇಬೇಕು ಅಂತೇನಿಲ್ಲ. ಆದರೆ ಯಾವ ರಾತ್ರಿ ನೀರು ನುಗ್ಗಿತು ಅಂತ ಅವರು ಕೇಳಿದಾಗ ತಲೆ ಕೆರೆದುಕೊಳ್ಳದೆ ನೋಟ್‌ಬುಕ್ಕು ತೆಗೆಯಬಹುದು.